ಸದ್ದು ಕೇಳಿಯೇ ಲಾರಿ ಹೇಳುವವರು

ಅಮೆರಿಕದಲ್ಲಿ ಹಳೆಯ ಕಾರು ಸಾಕುವವರಿಗೆ ಲೆಕ್ಕವಿಲ್ಲ. ಅದು ಯಾರಿಗಾದರೂ ಅರ್ಥವಾಗುವ ಶೋಕಿ. ಭಾನುವಾರ ಒರೆಸಿ, ಮನೆಮಂದಿಯನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿ ಬರಬಹುದು. ಹಳೆಯ ಲಾರಿ ಸಾಕುವುದು ಮಾತ್ರ ಬೇರೆಯೇ ಜಾತಿಯ ಹುಚ್ಚು. ಮನೆಯ ಗ್ಯಾರೇಜಿಗೆ ಅದು ಹಿಡಿಸುವುದಿಲ್ಲ. ಹತ್ತು ಟೈರು ಬದಲಿಸುವ ಹೊತ್ತಿಗೆ ಕಿಸೆ ಖಾಲಿ. ಸಿನಿಮಾಕ್ಕೆ ತಗೊಂಡು ಹೋದರೆ ನಿಲ್ಲಿಸಲು ಜಾಗವಿಲ್ಲ.

ಈ ಹುಚ್ಚಿಗೂ ಒಂದು ಸಂಘವಿದೆ. 1971ರಲ್ಲಿ ಹುಟ್ಟಿದ ಅಮೆರಿಕನ್ ಟ್ರಕ್ ಹಿಸ್ಟಾರಿಕಲ್ ಸೊಸೈಟಿಯ ಕಚೇರಿ ಮಿಸ್ಸೂರಿ ರಾಜ್ಯದ ಕಾನ್ಸಸ್ ಸಿಟಿಯಲ್ಲಿದೆ. ಅದು ‘ವೀಲ್ಸ್ ಆಫ್ ಟೈಮ್’ ಎಂಬ ಪತ್ರಿಕೆಯನ್ನೂ ಹೊರತರುತ್ತದೆ. ವರ್ಷಕ್ಕೊಮ್ಮೆ, ಪ್ರತಿ ಸಲ ಬೇರೆ ಊರಿನಲ್ಲಿ, ಲಾರಿಗಳ ಜಾತ್ರೆ ನೆರೆಯುತ್ತದೆ. ನಿವೃತ್ತ ಡ್ರೈವರುಗಳು, ಮೆಕ್ಯಾನಿಕ್ಕುಗಳು, ಅಪ್ಪ ಓಡಿಸುತ್ತಿದ್ದಂಥ ಲಾರಿಯನ್ನೇ ಹುಡುಕಿ ಕೊಂಡ ಮಕ್ಕಳು ಅಲ್ಲಿ ಸೇರುತ್ತಾರೆ. ಹೊಸ ಬಣ್ಣ, ಹೊಳೆಯುವ ಕ್ರೋಮು ಎಲ್ಲ ಚೆಂದವೇ. ಆದರೆ ಮಾತು ಕಾವೇರುವುದು ಯಾರಾದರೂ ಬಾನೆಟ್ಟು ಎತ್ತಿದಾಗ. ಚಾಲೂ ಮಾಡಿದರಂತೂ ಮುಗಿಯಿತು, ಎಂಜಿನ್ ಯಾವುದೆಂದು ಕಣ್ಣು ಮುಚ್ಚಿಕೊಂಡು ಹೇಳುವವರು ನಾಲ್ಕು ಜನ ಇದ್ದೇ ಇರುತ್ತಾರೆ.

ಅತಿ ಹೆಚ್ಚು ಜಗಳ ನಡೆಯುವುದು ಡೆಟ್ರಾಯ್ಟ್ ಡೀಸೆಲ್ ಬಗ್ಗೆ. ಜನರಲ್ ಮೋಟರ್ಸ್ 1938ರಲ್ಲಿ ತಂದ 71 ಸರಣಿಯ ಎಂಜಿನ್ ಇದು. ಒಂದೊಂದು ಸಿಲಿಂಡರಿನ ಗಾತ್ರ 71 ಘನ ಅಂಗುಲವಾದ್ದರಿಂದ ಆ ಹೆಸರು. ಡೀಸೆಲ್ಲಾದರೂ ಇದು ಟೂ ಸ್ಟ್ರೋಕ್. ಬದಿಯಲ್ಲಿರುವ ಬ್ಲೋವರು ಸಿಲಿಂಡರಿನ ತೂತುಗಳ ಮೂಲಕ ಗಾಳಿಯನ್ನು ಒಳಕ್ಕೆ ನುಗ್ಗಿಸುತ್ತದೆ, ಸುಟ್ಟ ಹೊಗೆ ಮೇಲಿನ ವಾಲ್ವುಗಳಿಂದ ಹೊರಬೀಳುತ್ತದೆ. ಮಾಮೂಲಿ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರು ಎರಡು ಸುತ್ತಿಗೊಮ್ಮೆ ಉರಿದರೆ ಇಲ್ಲಿ ಪ್ರತಿ ಸುತ್ತಿಗೂ ಉರಿಯುತ್ತದೆ. ಅದಕ್ಕೇ ನಿಮಿಷಕ್ಕೆ 2100 ಸುತ್ತು ತಿರುಗುತ್ತಿದ್ದರೂ ಕಿವಿಗೆ ಅದರ ಇಮ್ಮಡಿ ವೇಗದಲ್ಲಿ ಕಿರುಚಿದಂತೆ ಕೇಳುತ್ತದೆ. ಎರಡನೇ ಮಹಾಯುದ್ಧದಲ್ಲಿ ದಡಕ್ಕೆ ಸೈನಿಕರನ್ನು ಇಳಿಸಿದ ದೋಣಿಗಳಲ್ಲೂ, ಕೆಲವು ಷರ್ಮನ್ ಟ್ಯಾಂಕುಗಳಲ್ಲೂ ಇದ್ದದ್ದು ಇದೇ ಎಂಜಿನ್.

ಇದರ ಎಂಟು ಸಿಲಿಂಡರಿನ ಮಾದರಿಗೆ 318 ಅಶ್ವಶಕ್ತಿ. ಆದರೆ ಸುತ್ತು ಇಳಿದರೆ ಶಕ್ತಿಯೂ ಇಳಿಯಿತು. ಏರು ಬಂದಾಗ ಸುಮ್ಮನೆ ಕಾಲು ಒತ್ತಿ ಕೂತರೆ ಲೋಡು ಮೇಲೇರುವುದಿಲ್ಲ, ಗೇರು ಬದಲಿಸುತ್ತಲೇ ಇರಬೇಕು. ಡೆಟ್ರಾಯ್ಟ್ ಓಡಿಸುವ ಮುನ್ನ ಬಾಗಿಲಿಗೆ ಬೆರಳು ಸಿಕ್ಕಿಸಿಕೊಳ್ಳಬೇಕು, ಆ ಸಿಟ್ಟಿನಲ್ಲೇ ಓಡಿಸಿದರೆ ಸರಿಯಾಗಿ ಓಡುತ್ತದೆ ಎಂಬುದು ಡ್ರೈವರುಗಳ ಹಳೆಯ ತಮಾಷೆ. ಆಯಿಲು ಸೋರುವುದರಲ್ಲೂ ಇದಕ್ಕೆ ಹೆಸರು. ಸೋರುವುದು ನಿಂತಿದೆಯೆಂದರೆ ಒಳಗೆ ಆಯಿಲೇ ಇಲ್ಲ ಎಂದರ್ಥವಂತೆ! ಹೀಗೆ ಬೈಯುವವರೇ ಆ ಸದ್ದಿಗಾಗಿ ಸಾವಿರಾರು ಡಾಲರು ಸುರಿಯುತ್ತಾರೆ.

ಮ್ಯಾಕ್ ಲಾರಿಯ ಅಭಿಮಾನಿಗಳ ವರಸೆ ಬೇರೆ. 1953ರಿಂದ 1966ರವರೆಗೆ ಬಂದ ಬಿ ಸರಣಿಯ ಗುಂಡು ಮೂತಿಯ ಲಾರಿಗಳು ಅವರ ಕಣ್ಮಣಿ. ಇವುಗಳಲ್ಲಿ ಹಲವಕ್ಕೆ ಎರಡು ಗೇರು ಕಡ್ಡಿ. ಕೆಲವೊಮ್ಮೆ ಎರಡನ್ನೂ ಒಟ್ಟಿಗೇ ಬದಲಿಸಬೇಕು. ಆಗ ಬಲಗೈ ಒಂದು ಕಡ್ಡಿಯ ಮೇಲೆ. ಎಡಗೈಯನ್ನು ಸ್ಟೇರಿಂಗ್ ಚಕ್ರದ ನಡುವಿನಿಂದ ತೂರಿಸಿ ಇನ್ನೊಂದನ್ನು ಹಿಡಿಯಬೇಕು. ಆ ಗಳಿಗೆಯಲ್ಲಿ ಲಾರಿ ದಾರಿ ತಪ್ಪದಂತೆ ಕಾಯುವುದು ಮೊಣಕೈ. ಪವರ್ ಸ್ಟೇರಿಂಗು ಎಲ್ಲರಿಗೂ ದಕ್ಕಿರದ ಕಾಲ ಅದು. ರಸ್ತೆಯಲ್ಲೊಂದು ಗುಂಡಿ ಸಿಕ್ಕಿ ಚಕ್ರ ಗಿರ್ರನೆ ತಿರುಗಿದರೆ ಕೈಗೆ ಏನಾಗುತ್ತಿತ್ತೆಂದು ಹಿರಿಯರು ಇವತ್ತಿಗೂ ತೋಳು ಸವರಿಕೊಂಡು ಹೇಳುತ್ತಾರೆ.

ನನಗೆ ಕೇಳಿ ದಣಿಯದ ಕಥೆ ಕ್ಲೆಸ್ಸಿ ಕಮಿನ್ಸ್ ಅವರದು. 1919ರಲ್ಲಿ ಇಂಡಿಯಾನಾದ ಕೊಲಂಬಸ್ಸಿನಲ್ಲಿ ಎಂಜಿನ್ ಕಂಪನಿ ಕಟ್ಟಿದವರು ಅವರು. ಲಾರಿಗೂ ಡೀಸೆಲ್ ಸರಿ ಎಂದು ತೋರಿಸಲು 1931ರಲ್ಲಿ ದೇಶದ ಒಂದು ತುದಿಯಿಂದ ಇನ್ನೊಂದಕ್ಕೆ ತಾವೇ ಲಾರಿಯಲ್ಲಿ ಹೊರಟರು. ಕ್ಯಾಲಿಫೋರ್ನಿಯಾದ ಕಹೋನ್ ಘಾಟಿ ಇಳಿಯುವಾಗ ಬ್ರೇಕು ಕೈಕೊಟ್ಟಿತು. ಎದುರಿಗೆ ರಸ್ತೆಗೆ ಅಡ್ಡಲಾಗಿ ಗೂಡ್ಸ್ ರೈಲು. ರೈಲಿನ ಕೊನೆಯ ಡಬ್ಬಿ ದಾಟಿದ್ದೂ ಲಾರಿ ನುಗ್ಗಿದ್ದೂ ಒಟ್ಟಿಗೇ.

ಆ ಭಯ ಅವರನ್ನು ಬಿಡಲಿಲ್ಲ. ಕಂಪನಿಯಿಂದ ನಿವೃತ್ತರಾದ ಮೇಲೆ ಕೂತು ಉಪಾಯ ಹುಡುಕಿದರು. ಇಳಿಜಾರಿನಲ್ಲಿ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಪಿಸ್ಟನ್ನು ಮೇಲೇರಿ ಗಾಳಿಯನ್ನು ಅದುಮುತ್ತದೆ. ಅದಕ್ಕೆ ಶಕ್ತಿ ಖರ್ಚಾಗುತ್ತದೆ ನಿಜ, ಆದರೆ ಅದುಮಿದ ಗಾಳಿ ಪಿಸ್ಟನ್ನನ್ನು ಕೆಳಕ್ಕೆ ತಳ್ಳಿ ಅದನ್ನು ವಾಪಸು ಕೊಟ್ಟುಬಿಡುತ್ತದೆ. ಸರಿಯಾಗಿ ಆ ಹೊತ್ತಿಗೆ ಎಕ್ಸಾಸ್ಟ್ ವಾಲ್ವು ತೆರೆದು ಗಾಳಿಯನ್ನು ಹೊರಗೆ ಬಿಟ್ಟರೆ? ಖರ್ಚಾದದ್ದು ಖರ್ಚೇ, ಲಾರಿ ನಿಧಾನವಾಗುತ್ತದೆ. ಜೇಕಬ್ಸ್ ಕಂಪನಿ 1961ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಡ್ರೈವರುಗಳ ಬಾಯಲ್ಲಿ ಅದು ‘ಜೇಕ್ ಬ್ರೇಕ್’. ಮಷೀನ್‌ಗನ್ನಿನಂಥ ಅದರ ಸದ್ದಿಗೆ ಬೇಸತ್ತು, ಇಲ್ಲಿ ಅದನ್ನು ಬಳಸಬಾರದೆಂದು ಬೋರ್ಡು ಹಾಕಿದ ಊರುಗಳು ಅಲ್ಲಿ ಬೇಕಾದಷ್ಟಿವೆ. ಶಿರಾಡಿ, ಚಾರ್ಮಾಡಿಗಳಲ್ಲಿ ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬ ಪಾಠ ಕಲಿತ ನಮ್ಮ ಡ್ರೈವರುಗಳಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಟೂ ಸ್ಟ್ರೋಕಿನ ಕಿರುಚಾಟಕ್ಕೆ ಹೊಗೆಯ ಕಾನೂನುಗಳು ಅಂತ್ಯ ಹಾಡಿದವು. 1987ರಲ್ಲಿ ಡೆಟ್ರಾಯ್ಟ್ ಕಂಪನಿಯೇ ಕಂಪ್ಯೂಟರ್ ಹಿಡಿತದ ಫೋರ್ ಸ್ಟ್ರೋಕ್ ಎಂಜಿನ್ ತಂದಿತು. ಹೊಸ ಲಾರಿ ತಂಪಾಗಿದೆ, ಸದ್ದಿಲ್ಲ, ಗೇರನ್ನೂ ತಾನೇ ಹಾಕಿಕೊಳ್ಳುತ್ತದೆ. ದುಡಿಯುವವನಿಗೆ ಅದೇ ಒಳ್ಳೆಯದು, ಅನುಮಾನವಿಲ್ಲ. ಹಳೆಯ ಕಾಲವೇ ಚೆನ್ನಾಗಿತ್ತು ಎನ್ನುವವರ ಕಿವಿ ಅರ್ಧ ಕೇಳದಂತಾಗಿರುವುದಕ್ಕೂ ಆ ಎಂಜಿನ್ನುಗಳೇ ಕಾರಣವಿರಬಹುದು. ಆದರೆ ಹಳೆಯ ಲಾರಿಯಲ್ಲಿ ಓಡಿಸುವವನ ಕೈಗುಣ ಎದ್ದು ಕಾಣುತ್ತಿತ್ತು. ಇವರು ಕಾಪಾಡಿಕೊಂಡಿರುವುದು ಆ ಕೈಗುಣವನ್ನೇ.

ನಮ್ಮಲ್ಲಿ 1954ರಲ್ಲಿ ಶುರುವಾದ ಟಾಟಾ-ಮರ್ಸಿಡಿಸ್ ಬೆಂಜ್, 1955ರ ನಂತರದ ಅಶೋಕ್ ಲೇಲ್ಯಾಂಡ್ ಲಾರಿಗಳಿಗೂ ಇಂಥ ಕಥೆಗಳಿವೆ. ಕಾರಿಗೆ ಸಿಕ್ಕ ಮರ್ಯಾದೆ ಲಾರಿಗೆ ಸಿಗದೆ ಅವು ಗುಜರಿ ಸೇರಿದವು, ಅಷ್ಟೆ.

ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋದವರನ್ನು ನಯಾಗರಾಕ್ಕೆ ಕರೆದೊಯ್ಯುವುದು ವಾಡಿಕೆ. ಶಿಕಾಗೋ ಕಡೆ ಇರುವವರು ಅಯೋವಾ ರಾಜ್ಯದ ವಾಲ್ಕಾಟಿಗೂ ಒಮ್ಮೆ ಹೊರಡಿಸಿ. ಕಾರಿನಲ್ಲಿ ಸುಮಾರು ಮೂರು ಗಂಟೆಯ ದಾರಿ. ಅಲ್ಲಿನ ಅಯೋವಾ 80 ಟ್ರಕ್ಕಿಂಗ್ ಮ್ಯೂಸಿಯಂನಲ್ಲಿ ನೂರಕ್ಕೂ ಹೆಚ್ಚು ಹಳೆಯ ಲಾರಿಗಳಿವೆ. ಪ್ರವೇಶ ಉಚಿತ.