ತ್ಯಾಗದ ಹಿಂದಿನ ಮನಸ್ಸು

ರಾಮನಗರದ ಕೂಟಗಲ್‌ಗೆ ಮಾಗಡಿ ದೂರದ ಊರಲ್ಲ. ಕೆಂಪೇಗೌಡರ ಮನೆತನದ ಈ ಸೀಮೆಯಲ್ಲಿ ಸೊಸೆ ಲಕ್ಷ್ಮಮ್ಮನ ಕಥೆ ಬಲ್ಲವರು ಬಹಳ. 1537ರಲ್ಲಿ ಬೆಂಗಳೂರು ಕೋಟೆ ಕಟ್ಟಿಸುವಾಗ ಹೆಬ್ಬಾಗಿಲು ಮತ್ತೆ ಮತ್ತೆ ಉರುಳಿತಂತೆ. ಗರ್ಭಿಣಿಯ ಬಲಿ ಬೇಕೆಂಬ ಮಾತು ಬಂತಂತೆ. ಮಾವ ಒಪ್ಪದಿದ್ದರೂ ಲಕ್ಷ್ಮಮ್ಮ ರಾತ್ರಿ ತಾನೇ ಹೋಗಿ ಪ್ರಾಣ ಕೊಟ್ಟಳೆನ್ನುತ್ತದೆ ಐತಿಹ್ಯ. ಕೋರಮಂಗಲದಲ್ಲಿ ಆಕೆಯ ಸ್ಮಾರಕವಿದೆ.

ಆಕೆ ಹಾಗೇಕೆ ಮಾಡಿದಳು? ಮಾವನ ಚಿಂತೆ ನೀಗಲೆಂದು ಎಂಬುದಷ್ಟೇ ಸಿಗುವ ಉತ್ತರ. ಆಕೆಯ ಭಯ, ಹುಟ್ಟಲಿದ್ದ ಮಗುವಿನ ಮೇಲಿನ ಆಸೆ ಇವುಗಳಿಗೆ ಅಲ್ಲಿ ಜಾಗವಿಲ್ಲ. ಕೋಟೆ ನಿಂತಿತೆಂಬಲ್ಲಿಗೆ ಕಥೆ ಮುಗಿಯುತ್ತದೆ.

'ಕೆರೆಗೆ ಹಾರ' ಎಂಬ ಜನಪದ ಕಥನಗೀತೆ ಒಂದು ಹೆಜ್ಜೆ ಮುಂದಿದೆ. ಅಲ್ಲಿ ಕಿರಿಯ ಸೊಸೆ ಭಾಗೀರಥಿಯನ್ನು ಬಲಿಗೆ ಆರಿಸುವವರು ಮನೆಯ ಹಿರಿಯರು. ತವರಿಗೆ ಹೋದ ಅವಳು ಹೆತ್ತವರಿಗೆ ನಿಜ ಹೇಳಲಾರಳು. ಗೆಳತಿಗೆ ಮಾತ್ರ ಹೇಳುತ್ತಾಳೆ. ಆ ಒಂದು ಗುಟ್ಟಿನಲ್ಲಿ ಅವಳ ಮನಸ್ಸು ಓದುಗನಿಗೆ ಕಾಣುತ್ತದೆ.

ಈ ಮನಸ್ಸನ್ನೇ ಕಥೆಯ ನಡುವೆ ತಂದು ನಿಲ್ಲಿಸಿದ್ದು ಹೊಸಗನ್ನಡದ ಸಣ್ಣಕಥೆ. ಮಾಸ್ತಿ ವೆಂಕಟೇಶ ಅಯ್ಯಂಗಾರರ ಮೊದಲ ಕಥಾಸಂಕಲನ ಹೊರಬಂದದ್ದು 1920ರಲ್ಲಿ. ಅವರ 'ಮೊಸರಿನ ಮಂಗಮ್ಮ' ಇದಕ್ಕೆ ಒಳ್ಳೆಯ ಉದಾಹರಣೆ. ಮೊಮ್ಮಗನನ್ನು ಸೊಸೆ ಹೊಡೆದಳೆಂದು ಜಗಳವಾಡಿ ಮಂಗಮ್ಮ ಬೇರೆಯಾಗುತ್ತಾಳೆ. ಒಂಟಿತನ ಕಾಡುತ್ತದೆ, ತನಗಾಗಿ ಮಖಮಲ್ಲಿನ ರವಿಕೆ ಹೊಲಿಸಿಕೊಳ್ಳುತ್ತಾಳೆ, ಪರಗಂಡಸೊಬ್ಬನ ಸಲಿಗೆಗೂ ಅವಕಾಶವಾಗುತ್ತದೆ. ಕಡೆಗೆ ಮೊಮ್ಮಗನ ಪ್ರೀತಿ ಅವಳನ್ನು ಮನೆಗೆ ಮರಳಿಸುತ್ತದೆ. ಮೊಸರಿನ ವ್ಯಾಪಾರ ಸೊಸೆ ನಂಜಮ್ಮನ ಕೈಗೆ ಹೋಗುತ್ತದೆ.

ಇಲ್ಲಿ ಯಾರೂ ಪ್ರಾಣ ಬಿಡುವುದಿಲ್ಲ. ಮಂಗಮ್ಮ ಬಿಡುವುದು ಹಟವನ್ನು, ಯಜಮಾನಿಕೆಯನ್ನು. ಅದರ ಹಿಂದೆ ಮಮತೆಯಷ್ಟೇ ಅಲ್ಲ, ಒಂಟಿತನದ ಅಂಜಿಕೆಯೂ ಇದೆ. ನಂಜಮ್ಮ ತಗ್ಗುವುದರಲ್ಲಿ ಅತ್ತೆಯ ದುಡ್ಡು ಪರರ ಪಾಲಾದೀತೆಂಬ ಲೆಕ್ಕವೂ ಸೇರಿದೆ. ಉದ್ದೇಶ ಹೀಗೆ ಕಲಬೆರಕೆಯಾದ ಮಾತ್ರಕ್ಕೆ ತ್ಯಾಗ ಸಣ್ಣದಾಗುವುದಿಲ್ಲ, ನಂಬುವಂತಾಗುತ್ತದೆ.

ಕಥೆಯಲ್ಲಿ ತ್ಯಾಗ ಎದುರಾದಾಗ ಎರಡು ಪ್ರಶ್ನೆ ಕೇಳಬಹುದು: ಕೇಳಿದವರು ಯಾರು? ಕೊಟ್ಟವಳಿಗೆ ಬೇಡವೆನ್ನುವ ದಾರಿ ಇತ್ತೇ? ಮಂಗಮ್ಮನಿಗೆ ಇತ್ತು. ಭಾಗೀರಥಿಗೆ ಇರಲಿಲ್ಲ. ಲಕ್ಷ್ಮಮ್ಮನ ಸ್ಮಾರಕಕ್ಕೆ ಕೈ ಮುಗಿಯುವಾಗಲೂ ಈ ಪ್ರಶ್ನೆ ನೆನಪಿರಲಿ. ಅದು ಆಕೆಗೆ ತೋರುವ ಅಗೌರವವಲ್ಲ.