ಉಪ್ಪನ ಜೀಪು, ನಮ್ಮ ಕೈಯ ಗ್ರೀಸು

ಚಾರ್ಮಾಡಿ ಘಾಟಿಯ ಬುಡದಲ್ಲಿರುವ ನಮ್ಮ ಮನೆಯ ಅಂಗಳದಲ್ಲಿ ಒಂದು ಜೀಪು ಉಂಟು. ಮಹೀಂದ್ರ ಎಂಎಂ 540, ಮಾಡೆಲ್ 1994. ಉಪ್ಪ ಅದನ್ನು ಸೆಕೆಂಡ್ ಹ್ಯಾಂಡ್ ತಗೊಂಡದ್ದು 1999ರಲ್ಲಿ, ಅಡಿಕೆ ವ್ಯಾಪಾರಕ್ಕೆಂದು. ಆದರೆ ಅದು ಹೊತ್ತದ್ದು ಅಡಿಕೆಯನ್ನು ಮಾತ್ರ ಅಲ್ಲ. ನಡುರಾತ್ರಿ ಹೆರಿಗೆ ನೋವು ಬಂದವರು, ಹಾವು ಕಚ್ಚಿದವರು, ಮದುವೆ ಮನೆಯ ಬಿರಿಯಾನಿ ಚೆಂಬು, ಮಳೆಗೆ ಸಂಕ ಮುಳುಗಿದ ದಿನ ಶಾಲೆಯ ಮಕ್ಕಳು, ಎಲ್ಲರೂ ಅದರ ಹಿಂದಿನ ಸೀಟಿನಲ್ಲಿ ಕುಳಿತು ಹೋದವರೇ. ನಮ್ಮವರು, ಅವರು ಎಂಬ ಲೆಕ್ಕ ಆ ಸೀಟಿಗೆ ಗೊತ್ತಿರಲಿಲ್ಲ.

ಈಗ ಊರಿಗೆ ಕಾಂಕ್ರೀಟ್ ರಸ್ತೆ ಬಂದಿದೆ, ಮನೆಮನೆಯಲ್ಲಿ ಕಾರು ಉಂಟು. ಸೌದಿಯಲ್ಲಿರುವ ನನ್ನ ತಮ್ಮ ಪ್ರತಿ ಸಲ ಫೋನಿನಲ್ಲಿ ಕೇಳುವುದು ಒಂದೇ ಮಾತು: "ಆ ಗುಜರಿಯನ್ನು ಇನ್ನೂ ಕೊಟ್ಟಿಲ್ವಾ?" ಉಪ್ಪ ಅದಕ್ಕೆ ಉತ್ತರ ಹೇಳುವುದಿಲ್ಲ. ಎದ್ದು ಹೋಗಿ ಜೀಪಿನ ಬಾನೆಟಿನ ಮೇಲಿನ ತರಗೆಲೆ ಗುಡಿಸುತ್ತಾರೆ.

ಮೂರು ವರ್ಷದ ಹಿಂದಿನ ಜುಲೈ ತಿಂಗಳ ಒಂದು ಸಂಜೆ ತಮ್ಮನ ಮಾತೇ ಸರಿ ಎಂದು ನನಗೂ ಅನ್ನಿಸಿತು. ಉಮ್ಮ ಮತ್ತು ತಂಗಿಯ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ನಮ್ಮ ಗುಡ್ಡದ ಇಳಿಜಾರಿನಲ್ಲಿ ಬರುತ್ತಿದ್ದೆ. ಬ್ರೇಕ್ ಒತ್ತಿದರೆ ಪೆಡಲು ನೆಲದವರೆಗೆ ಹೋಯಿತು, ಗಾಡಿ ನಿಲ್ಲಲಿಲ್ಲ. ಪಂಪ್ ಮಾಡಿದೆ, ಇಲ್ಲ. ಗೇರು ಇಳಿಸಿ ಎಡಗಡೆಯ ಮಣ್ಣಿನ ಬರೆಗೆ ಒರಸಿ ನಿಲ್ಲಿಸಿದೆ. ಮಡ್‌ಗಾರ್ಡ್ ಮಡಚಿತು. ಅಲ್ಹಮ್ದುಲಿಲ್ಲಾಹ್, ಯಾರಿಗೂ ಏನೂ ಆಗಲಿಲ್ಲ. ಉಮ್ಮ ಒಂದು ಮಾತೂ ಬೈಯಲಿಲ್ಲ. ಮಕ್ಕಳನ್ನು ಕೈ ಹಿಡಿದು ಇಳಿಸಿ, ಮಳೆಯಲ್ಲೇ ಮನೆಗೆ ನಡೆದರು. ಅದು ಬೈದದ್ದಕ್ಕಿಂತ ಜೋರಾಗಿ ತಾಗಿತು.

ತಪ್ಪು ಗ್ಯಾರೇಜಿನದ್ದಲ್ಲ, ಜೀಪಿನದ್ದೂ ಅಲ್ಲ. ಆ ತಿಂಗಳು ಬ್ರೇಕ್ ಆಯಿಲ್ ಎರಡು ಸಲ ಕಡಿಮೆಯಾಗಿತ್ತು. ಎರಡು ಸಲವೂ ನಾನೇ ಡಬ್ಬದಿಂದ ಸುರಿದು ಮುಚ್ಚಳ ಹಾಕಿದ್ದೆ. ಎಲ್ಲಿಗೆ ಹೋಯಿತು ಎಂದು ಬಗ್ಗಿ ನೋಡಿರಲಿಲ್ಲ.

ಮರುದಿನ ಊರಿನ ಹಳೆಯ ಗ್ಯಾರೇಜ್ ಕಾಕನ ಮನೆಗೆ ಹೋದೆ. ಮೊಣಕಾಲು ನೋವಿನಿಂದ ಅವರು ಕೆಲಸ ಬಿಟ್ಟು ವರ್ಷಗಳಾಗಿತ್ತು. ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು: "ಇಳಿಜಾರಿನಲ್ಲಿ ಯಾವ ಗೇರಿನಲ್ಲಿ ಇದ್ದೆ ಮೋನೆ?"

"ಥರ್ಡ್."

"ಹಾಗಾದ್ರೆ ಬ್ರೇಕಿನದ್ದು ಮಾತ್ರ ತಪ್ಪಲ್ಲ. ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳೀಬೇಕು. ನಾಳೆ ನನ್ನನ್ನು ಕರಕೊಂಡು ಹೋಗು. ನಾನು ಕುರ್ಚಿಯಲ್ಲಿ ಕೂರ್ತೇನೆ, ಕೈ ನಿಂದು."

ಅಂದಿನಿಂದ ಜುಮಾ ಮುಗಿಸಿ ಊಟ ಮಾಡಿದ ಮೇಲಿನ ಹೊತ್ತು ಜೀಪಿಗೆ ಮೀಸಲು. ಕಾಕ ಕುರ್ಚಿಯಲ್ಲಿ ಕೂತು ಕಲಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥ ಗಾಡಿ ಇನ್ನೂ ಅಂಗಳದಲ್ಲಿರುವ ಮನೆಗಳು ನಮ್ಮಲ್ಲಿ ಕಡಿಮೆಯೇನಲ್ಲ.

ಕೆಂಪುಕಲ್ಲನ್ನು ನಂಬಬೇಡಿ

ಮೊದಲ ಪಾಠ ಸ್ಪಾನರಿನದ್ದಲ್ಲ, ಜೀವದ್ದು. ಜಾಕ್ ಇರುವುದು ಗಾಡಿ ಎತ್ತಲಿಕ್ಕೆ, ಎತ್ತಿ ಹಿಡಿಯಲಿಕ್ಕೆ ಅಲ್ಲ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಅಡಿಗೆ ತಲೆ ಹಾಕಬಾರದು. ನಮ್ಮ ಕಡೆ ಮನೆ ಕಟ್ಟಿದ ಮೇಲೆ ಉಳಿದ ಕೆಂಪುಕಲ್ಲನ್ನು ಅಡಿಗೆ ಇಡುವ ಅಭ್ಯಾಸ ಉಂಟು. ಗೋಡೆಯಲ್ಲಿ ಅದು ಗಟ್ಟಿ, ನಿಜ. ಆದರೆ ಆಕ್ಸಲಿನ ಭಾರ ಒಂದೇ ಕಡೆ ಬಿದ್ದರೆ ಹೇಳದೆ ಕೇಳದೆ ಒಡೆಯುತ್ತದೆ. ಕಬ್ಬಿಣದ ಸ್ಟ್ಯಾಂಡ್ ತೆಗೆದುಕೊಳ್ಳಿ. ಇಲ್ಲದಿದ್ದರೆ ಅಗಲದ, ದಪ್ಪ ಮರದ ತುಂಡುಗಳನ್ನು ಅಡ್ಡಡ್ಡ ಪೇರಿಸಿ. ನೆಲ ಸಮ ಇರಲಿ, ನೆಲದಲ್ಲಿರುವ ಚಕ್ರಗಳಿಗೆ ಮುಂದೆಯೂ ಹಿಂದೆಯೂ ಅಡ್ಡ ಕೊಡಿ.

ಇನ್ನೊಂದು ವಿಷಯ. ವಿಲ್ಲಿಸ್ ಮಾದರಿಯ ಕೆಲವು ಹಳೆಯ ಜೀಪುಗಳಲ್ಲಿ ಎಡಬದಿಯ ಚಕ್ರದ ನಟ್ಟುಗಳು ಉಲ್ಟಾ ಥ್ರೆಡ್. ಬಿಚ್ಚುತ್ತೇನೆಂದು ಬಲ ಹಾಕಿದವರು ಅದನ್ನು ಮತ್ತಷ್ಟು ಬಿಗಿ ಮಾಡಿ ಬೋಲ್ಟ್ ಮುರಿದ ಕಥೆ ಕಾಕನ ಬಳಿ ಬೇಕಾದಷ್ಟಿವೆ.

ಎಣ್ಣೆ ಹೋದದ್ದೆಲ್ಲಿಗೆ?

ಬ್ರೇಕ್ ಶೂ ಸವೆದಂತೆ ಆಯಿಲಿನ ಮಟ್ಟ ತಿಂಗಳುಗಟ್ಟಲೆಯಲ್ಲಿ ಸ್ವಲ್ಪ ಸ್ವಲ್ಪ ಇಳಿಯುವುದು ಸಹಜ. ವಾರದಲ್ಲಿ ಇಳಿದರೆ ಅದು ಸೋರಿಕೆಯೇ. ನಾಲ್ಕೂ ಟಯರಿನ ಒಳಬದಿ ನೋಡಿ, ಒದ್ದೆಯಾಗಿದ್ದರೆ ಆ ಚಕ್ರದ ವೀಲ್ ಸಿಲಿಂಡರ್ ಸೋರುತ್ತಿರಬಹುದು. ನಮ್ಮದರಲ್ಲಿ ಸೋರಿದ್ದು ಹಿಂದಿನ ಎಡ ಚಕ್ರ. ಒಳಗಿನ ರಬ್ಬರ್ ವಾಷರ್ ಗಟ್ಟಿಯಾಗಿ ಬಿರಿದಿತ್ತು. ಕೆಲವೇ ನೂರು ರೂಪಾಯಿಯ ಕಿಟ್ಟು, ಅದರ ಮೇಲೆ ನಾಲ್ಕು ಜೀವ. ಹಳೆಯ ಅನೇಕ ಜೀಪುಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಲೈನು, ಒಂದು ಕಡೆ ಸೋರಿದರೆ ನಾಲ್ಕೂ ಕಡೆಯ ಬ್ರೇಕ್ ಹೋಯಿತೆಂದೇ ಲೆಕ್ಕ.

ಡ್ರಮ್ಮು ತೆಗೆದಾಗ ಧೂಳನ್ನು ಬಾಯಿಯಿಂದ ಊದಬೇಡಿ, ಗಾಳಿಯನ್ನೂ ಹೊಡೆಯಬೇಡಿ. ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಿಂದ ಒರಸಿ. ರಬ್ಬರನ್ನು ಪೆಟ್ರೋಲ್, ಡೀಸೆಲಿನಲ್ಲಿ ತೊಳೆದರೆ ಉಬ್ಬುತ್ತದೆ, ತೊಳೆಯಲಿಕ್ಕೂ ಬ್ರೇಕ್ ಆಯಿಲೇ ಬೇಕು. ಇಂಜಿನ್ ಆಯಿಲ್ ಒಂದು ತೊಟ್ಟೂ ತಾಗಬಾರದು. ಸಿಲಿಂಡರಿನ ಒಳಗೆ ತುಕ್ಕಿನ ಗುಳಿ ಕಂಡರೆ ಬರೀ ವಾಷರ್ ಹಾಕಿ ಪ್ರಯೋಜನ ಇಲ್ಲ, ಸಿಲಿಂಡರನ್ನೇ ಬದಲಿಸಿ. ಎಣ್ಣೆ ಕುಡಿದ ಲೈನರನ್ನು ಒಣಗಿಸಿ ಮತ್ತೆ ಹಾಕಬೇಡಿ. ಒಂದು ಬದಿ ಬದಲಿಸಿದರೆ ಅದೇ ಆಕ್ಸಲಿನ ಇನ್ನೊಂದು ಬದಿಯನ್ನೂ ಬದಲಿಸಿ, ಇಲ್ಲದಿದ್ದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ.

ಕೊನೆಗೆ ಗಾಳಿ ತೆಗೆಯಬೇಕು. ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಶುರು. ನಮ್ಮ ಬಲಗಡೆ ಸ್ಟೇರಿಂಗಿನ ಗಾಡಿಯಲ್ಲಿ ಮೊದಲು ಹಿಂದಿನ ಎಡ, ನಂತರ ಹಿಂದಿನ ಬಲ, ಆಮೇಲೆ ಮುಂದಿನ ಎಡ, ಕೊನೆಗೆ ಮುಂದಿನ ಬಲ. ಒಬ್ಬರು ಪೆಡಲು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಸ್ಕ್ರೂ ಬಿಡಬೇಕು. ಸ್ಕ್ರೂ ಬಿಗಿ ಮಾಡುವ ಮೊದಲು ಕಾಲು ಎತ್ತಿದರೆ ಗಾಳಿ ಮತ್ತೆ ಒಳಗೆ. ನಮ್ಮಲ್ಲಿ ಪೆಡಲು ಒತ್ತುವವಳು ತಂಗಿಯ ಮಗಳು, ಒಂಬತ್ತನೇ ಕ್ಲಾಸು. ಅವತ್ತು ಜೀಪಿನಲ್ಲಿದ್ದವಳು ಅವಳೇ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ತೇವ ಸೇರಿದರೆ ಉದ್ದ ಇಳಿಜಾರಿನ ಬಿಸಿಗೆ ಕುದಿದು ಬ್ರೇಕ್ ಹಿಡಿಯುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸುವುದೇ ಕ್ಷೇಮ.

ಹಾಲಿನ ಬಣ್ಣದ ಆಯಿಲ್

ತೋಡು ದಾಟುವ ಜೀಪಿಗೆ ಇನ್ನೊಂದು ಕಾಯಿಲೆ ಉಂಟು. ಓಡಿ ಓಡಿ ಡಿಫ್ರೆನ್ಶಿಯಲ್ ಬಿಸಿಯಾಗಿರುತ್ತದೆ. ತಣ್ಣನೆಯ ನೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ಹೊರಗಿನಿಂದ ಎಳೆಯುತ್ತದೆ. ಗಾಳಿ ಬರಲಿಕ್ಕೆ ಆಕ್ಸಲಿನ ಮೇಲೆ ಬ್ರೀದರ್ ಎಂಬ ಸಣ್ಣ ಮೂಗು ಇರುತ್ತದೆ. ಅದರಲ್ಲಿ ಕೆಸರು ಕಟ್ಟಿದ್ದರೆ ಸೀಲಿನ ಸಂದಿನಿಂದ ನೀರನ್ನೇ ಎಳೆಯುತ್ತದೆ. ಕೆಳಗಿನ ಪ್ಲಗ್ ಬಿಚ್ಚಿದಾಗ ಆಯಿಲ್ ಹಾಲು ಬೆರೆಸಿದ ಚಹಾದ ಹಾಗೆ ಬಂದರೆ ನೀರು ಹೊಕ್ಕಿದೆ ಎಂದರ್ಥ. ಹಾಗೇ ಓಡಿಸಿದರೆ ಬೇರಿಂಗು, ಕ್ರೌನ್ ಪಿನಿಯನ್ ಎರಡೂ ಹಾಳು.

ಬದಲಿಸುವಾಗ ಮೊದಲು ಮೇಲಿನ, ಆಯಿಲ್ ತುಂಬಿಸುವ ಪ್ಲಗ್ ಬಿಚ್ಚಿ ನೋಡಿ. ಅದು ತುಕ್ಕು ಹಿಡಿದು ಬರದಿದ್ದರೆ, ಕೆಳಗಿನದ್ದನ್ನು ಬಿಚ್ಚಿ ಆಯಿಲ್ ಖಾಲಿ ಮಾಡಿದ ಮೇಲೆ ಗಾಡಿ ಅಲ್ಲೇ ಬಾಕಿ. ನಾನು ಒಂದು ಶುಕ್ರವಾರ ಹಾಗೆಯೇ ಬಾಕಿಯಾದೆ, ಕಾಕ ಹೊಟ್ಟೆ ಹಿಡಿದು ನಕ್ಕರು.

ಪ್ರೊಪೆಲ್ಲರ್ ಶಾಫ್ಟಿನ ಕ್ರಾಸಿಗೆ, ಸ್ಪ್ರಿಂಗಿನ ಶ್ಯಾಕಲಿಗೆ ಗ್ರೀಸ್ ನಿಪ್ಪಲ್ ಇದ್ದರೆ ಮೊದಲು ಬಟ್ಟೆಯಿಂದ ಒರಸಿ. ಇಲ್ಲದಿದ್ದರೆ ಗ್ರೀಸಿನ ಜೊತೆ ಮರಳನ್ನೂ ನಾವೇ ಒಳಗೆ ಹೊಡೆದ ಹಾಗೆ. ಹಳೆಯ ಗ್ರೀಸ್ ಹೊರಗೆ ಬಂದು ಹೊಸದು ಕಾಣುವವರೆಗೆ ಹೊಡೆಯಿರಿ. ನೀರಿನಲ್ಲಿ ಓಡಿದ ಮರುದಿನ ಈ ಕೆಲಸ ತಪ್ಪಿಸಬೇಡಿ.

ಸಣ್ಣ ಲಿವರಿನ ಮರ್ಯಾದೆ

ಫೋರ್ ವೀಲ್ ಲಿವರನ್ನು ಒಣ ಡಾಂಬರು ರಸ್ತೆಯಲ್ಲಿ ಹಾಕಬೇಡಿ. ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳು ಓಡುವ ದೂರ ಒಂದೇ ಅಲ್ಲ. ಹಳೆಯ ಜೀಪುಗಳಲ್ಲಿ ಆ ವ್ಯತ್ಯಾಸ ತೆಗೆದುಕೊಳ್ಳಲಿಕ್ಕೆ ನಡುವೆ ಡಿಫ್ರೆನ್ಶಿಯಲ್ ಇಲ್ಲ. ಕೆಸರಿನಲ್ಲಾದರೆ ಚಕ್ರ ಜಾರಿ ಸರಿಯಾಗುತ್ತದೆ, ಡಾಂಬರಿನಲ್ಲಿ ಶಾಫ್ಟು ತಿರುಚಿಕೊಳ್ಳುತ್ತದೆ. ಹಾಗೆಂದು ವರ್ಷಗಟ್ಟಲೆ ಮುಟ್ಟದೆ ಇಟ್ಟರೂ ಲಿವರ್ ಹಿಡಿದುಕೊಳ್ಳುತ್ತದೆ. ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಹಾಕಿ ಸ್ವಲ್ಪ ದೂರ ಓಡಿಸಿದರೆ ಆಯಿಲ್ ಎಲ್ಲ ಕಡೆ ಹೋಗುತ್ತದೆ. ಜಾರುವ ಕಡಿದಾದ ಮಣ್ಣಿನ ಇಳಿಜಾರಿಗೆ ಲೋ ಗೇರ್ ಇರುವುದೇ ಬ್ರೇಕಿನ ಭಾರ ಇಳಿಸಲಿಕ್ಕೆ. ಇಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ.

ತುಕ್ಕಿನ ವಿಷಯದಲ್ಲೂ ಒಂದು ಮಾತು. ಅಡಿಗೆ ವೇಸ್ಟ್ ಆಯಿಲ್ ಬಳಿಯುವುದು ನಮ್ಮ ಕಡೆಯ ಹಳೆಯ ಕ್ರಮ. ಅದು ರಬ್ಬರ್ ಬುಷ್‌ಗಳನ್ನು ತಿನ್ನುತ್ತದೆ, ತೊಟ್ಟಿಕ್ಕಿ ಅಂಗಳದಿಂದ ಬಾವಿಯ ಕಡೆಗೆ ಹೋಗುತ್ತದೆ. ತುಕ್ಕನ್ನು ಉಜ್ಜಿ ತೆಗೆದು ರೆಡ್ ಆಕ್ಸೈಡ್ ಹೊಡೆದು ಮೇಲೆ ಪೈಂಟ್ ಹಾಕಿ. ಚಾಸಿಯ ನೀರು ಹೋಗುವ ತೂತುಗಳನ್ನು ತಂತಿಯಿಂದ ಬಿಡಿಸಿ.

ಆದರೆ ಎಲ್ಲಕ್ಕೂ ನಾವೇ ಕೈ ಹಾಕುವುದಲ್ಲ. ಸ್ಟೇರಿಂಗ್ ಬಾಕ್ಸ್, ಚಾಸಿಯ ವೆಲ್ಡಿಂಗ್, ಡೀಸೆಲ್ ಪಂಪ್, ಇವು ಗೊತ್ತಿದ್ದವರ ಕೆಲಸ. ಬ್ರೇಕ್ ಕೆಲಸವನ್ನು ನಾವೇ ಮಾಡಿದರೂ ರಸ್ತೆಗೆ ಇಳಿಸುವ ಮೊದಲು ತಿಳಿದವರೊಬ್ಬರು ನೋಡಲೇಬೇಕು. ಕಾಕನ ಕುರ್ಚಿ ಇಲ್ಲದಿದ್ದರೆ ನಾನು ಡ್ರಮ್ಮು ಬಿಚ್ಚುತ್ತಿರಲಿಲ್ಲ.

ಒಂದು ಹೆಸರಿನ ಕಥೆ

ಕೆಲಸದ ನಡುವೆ ಕಾಕ ಹೇಳಿದ ಒಂದು ವಿಷಯ ನಮ್ಮ ಮಕ್ಕಳಿಗೆ ಹೊಸತಾಗಿತ್ತು. ಈ ಕಂಪೆನಿ 1945ರಲ್ಲಿ ಶುರುವಾದಾಗ ಅದರ ಹೆಸರು ಮಹೀಂದ್ರ ಆಂಡ್ ಮಹಮ್ಮದ್. ಮಹೀಂದ್ರ ಸಹೋದರರ ಜೊತೆ ಪಾಲುದಾರರಾಗಿದ್ದವರು ಮಲಿಕ್ ಗುಲಾಂ ಮಹಮ್ಮದ್. ದೇಶ ವಿಭಜನೆಯಾದಾಗ ಅವರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಸಚಿವರಾದರು. 1948ರಲ್ಲಿ ಕಂಪೆನಿ ಮಹೀಂದ್ರ ಆಂಡ್ ಮಹೀಂದ್ರ ಆಯಿತು. ಜೀಪು ಮಾತ್ರ ಇಲ್ಲೇ ಉಳಿಯಿತು, ಎಲ್ಲರನ್ನೂ ಹೊತ್ತಿತು.

ತಮ್ಮ ಕಳಿಸಿದ್ದು

ಕಳೆದ ವರ್ಷ ತಮ್ಮ ರಜೆಯಲ್ಲಿ ಬಂದ. ಗುಜರಿ ಮಾತು ಈ ಸಲವೂ ಬಂತು. ನಾನು ವಾದ ಮಾಡಲಿಲ್ಲ. ಕೀ ಕೊಟ್ಟೆ. ಉಮ್ಮನನ್ನು ಕೂರಿಸಿಕೊಂಡು ಅದೇ ಇಳಿಜಾರು ಇಳಿದು ಬಂದ. ಬಂದವನು ಹೇಳಿದ: "ಅಲ್ಲಿ ಕಂಪೆನಿಯ ಲ್ಯಾಂಡ್ ಕ್ರೂಸರಿಗೆ ಒಂದು ಪುಸ್ತಕ ಇರ್ತದೆ. ಎಷ್ಟು ಕಿಲೋಮೀಟರಿಗೆ ಎಂತ ಬದಲಿಸಿದ್ದು ಅಂತ ಎಲ್ಲ ಬರೀಬೇಕು. ನೀವೂ ಬರೀರಿ. ನೆನಪಲ್ಲಿ ಇಟ್ಟುಕೊಂಡು ಗಾಡಿ ಓಡಿಸಬೇಡಿ."

ಸರಿಯಾದ ಮಾತು. ಈಗ ಡ್ಯಾಶ್‌ಬೋರ್ಡಿನಲ್ಲಿ ನೂರು ಪುಟದ ಒಂದು ನೋಟ್‌ಬುಕ್ ಉಂಟು, ಬರೆಯುವವಳು ತಂಗಿಯ ಮಗಳು. ತಮ್ಮ ವಾಪಸು ಹೋದ ಮೇಲೆ ಊರಿಗೆ ಬರುವವರ ಕೈಯಲ್ಲಿ ಒಂದು ಪೆಟ್ಟಿಗೆ ಕಳಿಸಿದ. ಖರ್ಜೂರದ ಅಡಿಯಲ್ಲಿ ಒಂದು ಗ್ರೀಸ್ ಗನ್ ಇತ್ತು.

ದಾಖಲೆಯ ವಿಷಯ ಮರೆಯಬೇಡಿ. ಸ್ವಂತ ಗಾಡಿಯ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು, ಗಾಡಿ ತಪಾಸಣೆಯಲ್ಲಿ ಪಾಸಾಗಬೇಕು. 2022ರ ಏಪ್ರಿಲ್‌ನಲ್ಲಿ ಕಾರು, ಜೀಪುಗಳ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಹೋಗುವ ಮೊದಲು ಈಗಿನ ಶುಲ್ಕ, ಹಸಿರು ತೆರಿಗೆ ಎರಡನ್ನೂ ವಿಚಾರಿಸಿಕೊಳ್ಳಿ.

ನಮ್ಮದು ಈ ಮೇ ತಿಂಗಳಲ್ಲಿ ಪಾಸಾಯಿತು. ಉಪ್ಪನಿಗೆ ಈಗ ಕಣ್ಣು ಮಂಜು, ಓಡಿಸುವುದು ಬಿಟ್ಟಿದ್ದಾರೆ. ಆದರೂ ಗಾಡಿ ಅಂಗಳಕ್ಕೆ ಬಂದ ಕೂಡಲೇ ಡ್ರೈವರ್ ಸೀಟಿಗೆ ಹತ್ತಿದರು. ಬ್ರೇಕ್ ಪೆಡಲನ್ನು ಮೂರು ಸಲ ಒತ್ತಿದರು. ಮೂರನೇ ಸಲ ಕಾಲು ತೆಗೆಯದೆ ಸ್ವಲ್ಪ ಹೊತ್ತು ಹಿಡಿದರು. ಪೆಡಲು ಇಳಿಯಲಿಲ್ಲ.

ಶಹಭಾಸ್ ಹೇಳುತ್ತಾರೆಂದು ನಾನು ಕಾದೆ.

"ಮಳೆ ಹಿಡಿಯುವ ಮೊದಲು ಬ್ರೀದರ್ ನೋಡಿದ್ಯಾ?" ಎಂದು ಕೇಳಿದರು.

ನೋಡಿರಲಿಲ್ಲ. ತಂಗಿಯ ಮಗಳು ನೋಟ್‌ಬುಕ್ ತೆಗೆದಳು, ನಾನು ಬಟ್ಟೆ ಬದಲಿಸಿ ಗಾಡಿಯ ಅಡಿಗೆ ಹೋದೆ.