ನೆನಪು ಕಾಯುವ ಮನೆ

ಆಸ್ಪತ್ರೆಯಿಂದ ಮನೆಗೆ ಮರಳಿದ ದಿನವೇ ರೋಗಿ ಗುಣಮುಖನಾದನೆಂದು ನಾವು ಭಾವಿಸುತ್ತೇವೆ. ಕಾಲು ಮುರಿದವನ ವಿಷಯದಲ್ಲಿ ಇದು ಬಹುಮಟ್ಟಿಗೆ ನಿಜವಿರಬಹುದು. ಮೆದುಳಿಗೆ ಪೆಟ್ಟು ಬಿದ್ದವನಿಗಾದರೋ ನಿಜವಾದ ಪರೀಕ್ಷೆ ಅಂದಿನಿಂದಲೇ ಆರಂಭವಾಗುತ್ತದೆ.

ದೇವದುರ್ಗದ ಕಡೆಯಿಂದ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದ ಯುವಕನೊಬ್ಬ ಸಾರುವೆಯಿಂದ ಬಿದ್ದನೆನ್ನೋಣ. ಇಲ್ಲವೆ ಮಾನ್ವಿಯಿಂದ ರಾಯಚೂರಿಗೆ ಹೆಲ್ಮೆಟ್ ಇಲ್ಲದೆ ಹೊರಟ ಗೃಹಸ್ಥನೊಬ್ಬ ಬೈಕಿನಿಂದ ಉರುಳಿದನೆನ್ನೋಣ. ವೈದ್ಯರು ಜೀವ ಉಳಿಸುತ್ತಾರೆ, ಗಾಯವೂ ಮಾಯುತ್ತದೆ. ಆದರೆ ಮುಂಜಾನೆ ಉಂಡದ್ದನ್ನು ಅವನು ಮಧ್ಯಾಹ್ನಕ್ಕೆ ಮರೆಯುತ್ತಾನೆ. ಶಾಂತ ಸ್ವಭಾವದವನು ಸಣ್ಣ ಸದ್ದಿಗೂ ಸಿಡುಕುತ್ತಾನೆ. ಓಣಿಯವರು ಇದನ್ನು ಸೋಮಾರಿತನವೆನ್ನುತ್ತಾರೆ. ಕೆಲವರು ಗಾಳಿ ಸೋಂಕಿತೆನ್ನುತ್ತಾರೆ. ಎರಡೂ ಅಲ್ಲ. ಸಂಯಮವನ್ನೂ ಮುಂದಾಲೋಚನೆಯನ್ನೂ ನಡೆಸುವುದು ಮೆದುಳಿನ ಮುಂಭಾಗ. ಅದು ಘಾಸಿಗೊಂಡಾಗ ಸ್ವಭಾವವೇ ಬದಲಾದಂತೆ ತೋರುತ್ತದೆ.

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ 17ನೆಯ ಶತಮಾನದ ಆಂಗ್ಲ ಚಿಂತಕ ಜಾನ್ ಲಾಕ್‌ರ ವಾದವೊಂದು ನಮ್ಮೆದುರು ಬಂದಿತ್ತು: ಮನುಷ್ಯ ನಿನ್ನೆಯ ತಾನೇ ಇಂದೂ ತಾನಾಗಿರುವುದು ಪ್ರಜ್ಞೆ ಮತ್ತು ನೆನಪುಗಳ ಬಲದಿಂದ ಎಂದು. ಅಂದು ಅದು ಪರೀಕ್ಷೆಯ ಪ್ರಶ್ನೆಯಾಗಿತ್ತು. ನೆನಪು ಕಳೆದುಕೊಂಡ ಮಗನಿಗೆ ತುತ್ತು ಉಣಿಸುವ ತಾಯಿಯ ಮುಂದೆ ಆ ವಾದ ನಿಲ್ಲದು. ಮಗ ತನ್ನನ್ನು ಮರೆತರೂ ಮನೆ ಅವನನ್ನು ಮರೆತಿಲ್ಲ. ಅವನ ನೆನಪಿನ ಒಂದು ಪಾಲನ್ನು ಮನೆಯವರು ಹೊತ್ತುಕೊಂಡಿದ್ದಾರೆ. ಆದ್ದರಿಂದಲೇ ಇಂಥವರಿಗೆ ಮನೆಯೆಂಬುದು ಬರಿಯ ಸೂರಲ್ಲ. ಚಿಕಿತ್ಸೆಯ ಒಂದು ಅಂಗ.

ತಕ್ಕ ಮನೆಯೆಂದರೆ ದುಬಾರಿಯಾದುದಲ್ಲ. ಎತ್ತರದ ಹೊಸ್ತಿಲಿನ ಬದಲು ಇಳಿಜಾರು, ಜಾರುವ ಪರಸಿಯ ಮೇಲೆ ಒರಟು ಹಾಸು, ಶೌಚಾಲಯದ ಗೋಡೆಗೆ ಹಿಡಿಗಂಬಿ, ರಾತ್ರಿ ಒಂದು ಮಂದ ದೀಪ, ತಂಬಿಗೆಗೂ ಔಷಧಿಗೂ ನಿತ್ಯ ಒಂದೇ ಜಾಗ, ಗೋಡೆಯ ಮೇಲೆ ದಿನಚರಿಯ ಫಲಕ, ಸದ್ದಿಲ್ಲದ ಒಂದು ಮೂಲೆ. ಮರೆತುದನ್ನು ಗೋಡೆಗಳೇ ನೆನಪಿಸುವಂತಿದ್ದರೆ ಸಾಕು.

ಚೇತರಿಕೆಗೆ ವರ್ಷಗಳೇ ಬೇಕಾಗಬಹುದು. ಜೋಧಪುರದ ರಾಜಕುಮಾರ ಶಿವರಾಜ ಸಿಂಗ್ 2005ರಲ್ಲಿ ಪೋಲೋ ಆಟದಲ್ಲಿ ಬಿದ್ದು ತಲೆಗೆ ತೀವ್ರ ಪೆಟ್ಟು ತಿಂದರು. ದೀರ್ಘ ಪುನರ್ವಸತಿಯ ನಂತರ ಬಾಳಿಗೆ ಮರಳಿದರು. ಅವರ ತಂದೆ ಗಜ ಸಿಂಗ್ 2007ರಲ್ಲಿ ಇಂಡಿಯನ್ ಹೆಡ್ ಇಂಜುರಿ ಫೌಂಡೇಶನ್ ಸ್ಥಾಪಿಸಿದರು. ಅರಮನೆಗೆ ಒದಗಿದ ಆರೈಕೆ ಗುಡಿಸಲಿಗೂ ಬೇಕಲ್ಲವೆ? ನಮ್ಮ ನಾಡಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂಥ ಪುನರ್ವಸತಿ ವಿಭಾಗವಿದೆ. ಆದರೆ ಅದು ಬೆಂಗಳೂರಿನಲ್ಲಿದೆ. ರಾಯಚೂರಿನಿಂದ 400 ಕಿಲೋಮೀಟರಿಗೂ ದೂರ. ಕೂಲಿಯ ಕುಟುಂಬವೊಂದು ಎಷ್ಟು ಸಲ ಅಲ್ಲಿಗೆ ಹೋಗಿಬರಬಲ್ಲದು? ನಡೆಯಲು, ಮಾತನಾಡಲು, ಮಿಂದು ಉಡಲು ಮತ್ತೆ ಕಲಿಸುವ ಅಭ್ಯಾಸ ಕೊನೆಗೂ ನಡೆಯಬೇಕಾದುದು ಮನೆಯಲ್ಲಿಯೇ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸಿದೆ. ಮೆದುಳಿನ ಪೆಟ್ಟು ಅಲ್ಲಿ ಪ್ರತ್ಯೇಕವಾಗಿ ಇಲ್ಲ. ಹಾಗೆಂದು ಕೈಚೆಲ್ಲಬೇಕಿಲ್ಲ. ಪೆಟ್ಟಿನಿಂದ ಉಂಟಾದ ಚಲನೆಯ, ಮಾತಿನ ಅಥವಾ ಮನಸ್ಸಿನ ತೊಂದರೆಯ ಹೆಸರಿನಲ್ಲಿ ತಪಾಸಣೆಗೆ ಕೋರಬಹುದು. ವೈಕಲ್ಯ ಶೇ. 40 ಅಥವಾ ಹೆಚ್ಚೆಂದು ದೃಢಪಟ್ಟವರಿಗೆ ಸರಕಾರಿ ವಸತಿ ಯೋಜನೆಗಳಲ್ಲಿ ಶೇ. 5ರಷ್ಟು ಮೀಸಲಾತಿಯನ್ನು ಅದೇ ಕಾಯ್ದೆ ವಿಧಿಸಿದೆ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕಂಡು ಗುರುತಿನ ಚೀಟಿಗೆ ಅರ್ಜಿ ಹಾಕಿರಿ. ಅಕ್ಷರ ಬಲ್ಲವರು ಬಾರದವರ ಜೊತೆ ಹೋಗಿರಿ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಆರೈಕೆ ಮಾಡುವ ತಾಯಿ ತೀರಿಕೊಂಡ ಮೇಲೆ ಯಾರು? ನಾಲ್ಕಾರು ಮಂದಿ ಸಹಾಯಕರೊಡನೆ ಗೌರವದಿಂದ ಬಾಳಬಲ್ಲ ಒಂದು ಪುಟ್ಟ ಮನೆ, ಆಸ್ಪತ್ರೆಗೆ ಹತ್ತಿರವಾಗಿ, ನಮ್ಮ ಜಿಲ್ಲೆಯಲ್ಲಿಯೇ ಬೇಕು. ಅದಾಗುವವರೆಗೆ ನಮ್ಮ ಧರ್ಮಕೇಂದ್ರದ ಒಂದೊಂದು ಕುಟುಂಬವೂ ವಾರಕ್ಕೊಂದು ಮಧ್ಯಾಹ್ನ ಇಂಥವರ ಬಳಿ ಕುಳಿತರೆ, ಆ ತಾಯಿ ನಾಲ್ಕು ಗಳಿಗೆ ನಿದ್ರಿಸಿಯಾಳು.

ದಯಾಳು ಸಮಾರ್ಯನು ಗಾಯ ಕಟ್ಟಿದ್ದನ್ನು ನಾವು ಸದಾ ಸ್ಮರಿಸುತ್ತೇವೆ. ಆತ ಗಾಯಾಳುವನ್ನು ಛತ್ರಕ್ಕೆ ಸೇರಿಸಿ, ಹಣ ತೆತ್ತು, ಮರಳಿ ಬರುವೆನೆಂದು ಮಾತು ಕೊಟ್ಟದ್ದನ್ನು ಮರೆಯುತ್ತೇವೆ. ಗಾಯ ಕಟ್ಟುವವರು ನಮ್ಮಲ್ಲಿದ್ದಾರೆ; ಛತ್ರ ಇನ್ನೂ ಆಗಬೇಕಾಗಿದೆ.